ಪದಬಂಧದ ಪಡಸಾಲೆ: ಉತ್ತರ ಸಿಕ್ಕರೆ ಸಾಲದು

ಹಾಸನದಲ್ಲಿ ನಾವು ಏಳೆಂಟು ಮಂದಿ ಗೆಳೆಯರು ‘ದಿ ಹಿಂದೂ’ ಪತ್ರಿಕೆಯ ಕ್ರಿಪ್ಟಿಕ್ ಪದಬಂಧವನ್ನು ದಿನವೂ ಬೆಳಿಗ್ಗೆ ಒಟ್ಟಿಗೆ ಕುಳಿತು ಬಿಡಿಸುತ್ತೇವೆ ಎಂದು ಕಳೆದ ಸಂಚಿಕೆಯಲ್ಲಿ ಪ್ರಸಂಗವಶಾತ್ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಈ ಅಂಕಣದ ಬೇರೆ ಯಾವ ಮಾತಿಗೂ ಬಂದಿರಲಿಲ್ಲ. ಹಾಗಾಗಿ ಈ ಸಲದ ಪುಟಗಳನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಇಲ್ಲಿ ಬರುವ ಕನ್ನಡದ ಸುಳಿವುಗಳೆಲ್ಲ ನಾನೇ ಹೆಣೆದವು. ಕೊನೆಯ ಪತ್ರದಲ್ಲಿರುವುದೊಂದು ಮಾತ್ರ ಓದುಗರದ್ದು.

ಪ್ರಶ್ನೆ: ಮೂವತ್ತು ವರ್ಷಗಳಿಂದ ಕನ್ನಡ ವಾರಪತ್ರಿಕೆಗಳ ಪದಬಂಧ ತುಂಬುತ್ತಾ ಬಂದಿದ್ದೇನೆ. ಮೊನ್ನೆ ಮೊಮ್ಮಗ ಕ್ರಿಪ್ಟಿಕ್ ಪದಬಂಧವೊಂದನ್ನು ಮುಂದಿಟ್ಟ. ಸುಳಿವಿನ ವಾಕ್ಯ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಹೊಳೆಯುವುದಿಲ್ಲ. ಇದರ ಗುಟ್ಟೇನು?
(ನಿವೃತ್ತ ಶಿಕ್ಷಕಿ, ಹೊಳೆನರಸೀಪುರ)

ಉತ್ತರ: ವಾಕ್ಯ ಚೆನ್ನಾಗಿ ಅರ್ಥವಾಗಿಬಿಡುವುದೇ ಇಲ್ಲಿನ ತೊಡಕು, ಮೇಡಂ. ಸಾಮಾನ್ಯ ಪದಬಂಧದ ಸುಳಿವು ಉತ್ತರದ ಅರ್ಥವನ್ನು ಹೇಳಿ ಸುಮ್ಮನಾಗುತ್ತದೆ. ಕ್ರಿಪ್ಟಿಕ್ ಸುಳಿವು ಒಂದೇ ವಾಕ್ಯದಲ್ಲಿ ಎರಡು ಕೆಲಸ ಮಾಡುತ್ತದೆ: ಒಂದು ತುದಿಯಲ್ಲಿ ಉತ್ತರದ ಅರ್ಥವಿರುತ್ತದೆ, ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟಿಕೊಳ್ಳುವ ದಾರಿ ಇರುತ್ತದೆ. ಈ ಎರಡನ್ನೂ ಬೆಸೆದು ಮೂರನೆಯದೇ ಒಂದು ಕಥೆಯಂತೆ ಕಾಣುವ ವಾಕ್ಯವನ್ನು ರಚನಕಾರರು ಬರೆದಿರುತ್ತಾರೆ. ನಿಮಗೆ ಅರ್ಥವಾದದ್ದು ಆ ಮೂರನೆಯ ಕಥೆ. ಅದನ್ನು ನಂಬಬಾರದು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ‘ಹಣ ಸಂತೆಯ ಕೊನೆಗೆ ದೀಪವಾಯಿತು (3)’. ಓದಿದೊಡನೆ ಯಾರೋ ದುಡ್ಡು ಹಿಡಿದು ಸಂತೆಗೆ ಹೋಗಿ, ಸಂಜೆ ಒಂದು ದೀಪ ಕೊಂಡು ಬಂದಂತೆ ಕಾಣುತ್ತದೆ. ಆ ಚಿತ್ರವನ್ನು ಅಳಿಸಿ ಪದಗಳನ್ನು ಒಂದೊಂದಾಗಿ ಎತ್ತಿಕೊಳ್ಳಿ. ‘ಹಣ’ ಎಂದರೆ ‘ಹಣ’ವೇ, ಅದನ್ನು ಇದ್ದಂತೆಯೇ ಬರೆದುಕೊಳ್ಳಿ. ‘ಸಂತೆಯ ಕೊನೆ’ ಎಂದರೆ ಸಂಜೆಯ ಹೊತ್ತಲ್ಲ, ‘ಸಂತೆ’ ಎಂಬ ಪದದ ಕೊನೆಯ ಅಕ್ಷರವಾದ ‘ತೆ’. ಎರಡನ್ನೂ ಸೇರಿಸಿದರೆ ‘ಹಣತೆ’. ಮೂರಕ್ಷರ, ಅರ್ಥ ದೀಪ. ಈಗ ನಿಮಗೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ, ಮುಂದಿನ ವಾರದ ಉತ್ತರಪುಟಕ್ಕೆ ಕಾಯಬೇಕಾಗಿಯೂ ಇಲ್ಲ. ಅರ್ಥದಿಂದ ಹೋದರೂ ಆಟದಿಂದ ಹೋದರೂ ಒಂದೇ ಪದಕ್ಕೆ ಬಂದು ನಿಂತಿದ್ದೀರಿ. ಸಾಮಾನ್ಯ ಪದಬಂಧದಲ್ಲಿ ‘ದೀಪ’ಕ್ಕೆ ‘ಪ್ರಣತಿ’ಯೋ ‘ಹಣತೆ’ಯೋ ಎಂದು ತಲೆ ತುರಿಸಿಕೊಳ್ಳುವ ಪ್ರಸಂಗ ಇಲ್ಲಿ ಬರುವುದಿಲ್ಲ. ಈ ಕಾರಣಕ್ಕಾಗಿಯೇ ಕ್ರಿಪ್ಟಿಕ್ ಸುಳಿವು ಸಾಮಾನ್ಯ ಸುಳಿವಿಗಿಂತ ಕಷ್ಟವೆನ್ನುವುದಕ್ಕಿಂತ ಹೆಚ್ಚು ಪ್ರಾಮಾಣಿಕ ಎನ್ನುವುದು ನನ್ನ ಅಭಿಪ್ರಾಯ.

ಹೊಸಬರು ಮೊದಲು ಹುಡುಕಬೇಕಾದದ್ದು ಅರ್ಥಭಾಗವನ್ನು. ಅದು ವಾಕ್ಯದ ಆರಂಭದಲ್ಲಿರುತ್ತದೆ ಇಲ್ಲವೇ ಕೊನೆಯಲ್ಲಿರುತ್ತದೆ, ನಡುವೆ ಇರುವುದಿಲ್ಲ. ಆಟದ ಭಾಗವನ್ನು ಕಟ್ಟುವ ಬಗೆಗಳು ಹತ್ತಾರು ಇದ್ದರೂ ಅವೆಲ್ಲ ಕೂಡಿಸುವುದು, ಕಳೆಯುವುದು, ತಿರುಗಿಸುವುದು, ಕಲಸುವುದು, ಅಡಗಿಸುವುದು, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಇಡುವುದು, ಇವುಗಳಲ್ಲೇ ಅಡಕವಾಗಿವೆ. ‘ತಲೆ ಕಳೆದುಕೊಂಡ ಅರಸನ ಪೀಠ ಜಿಲ್ಲಾ ಕೇಂದ್ರ (3)’ ಎಂದರೆ ಅರಸನ ಶಿರಚ್ಛೇದದ ಕಥೆಯಲ್ಲ. ‘ಸಿಂಹಾಸನ’ದ ಮೊದಲಕ್ಷರ ಹೋದರೆ ಉಳಿಯುವುದು ನಮ್ಮ ‘ಹಾಸನ’. ‘ಚಿಕ್ಕಮಗಳೂರಿನಲ್ಲಿ ಪುತ್ರ (2)’ ಎಂಬಲ್ಲಿ ‘ಮಗ’ ಊರಿನ ಹೆಸರಿನೊಳಗೇ ಕುಳಿತಿದ್ದಾನೆ. ಸಖರಾಯಪಟ್ಟಣದ ರುಕ್ಮಾಂಗದನು ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಎಂದು ಐತಿಹ್ಯವಿರುವ ಚಿಕ್ಕಮಗಳೂರಿನಲ್ಲಿ ಮಗನೊಬ್ಬ ಇಷ್ಟು ಕಾಲ ಅಡಗಿದ್ದದ್ದು ನನಗೂ ಈ ಸುಳಿವು ಹೆಣೆಯುವಾಗಲೇ ಕಂಡದ್ದು.

ಇದಾವುದೂ ನಿಮಗೆ ಪರಕೀಯವಲ್ಲ. ‘ಮರಾ ಮರಾ’ ಎನ್ನುತ್ತಾ ‘ರಾಮ’ನನ್ನು ಪಡೆದ ವಾಲ್ಮೀಕಿಯ ಕಥೆಯನ್ನು ನೀವು ಮಕ್ಕಳಿಗೆ ಎಷ್ಟು ಬಾರಿ ಹೇಳಿರಬೇಡ! ಅದು ಅಕ್ಷರ ತಿರುಗಿಸುವ ಆಟವೇ. ಒಂದೇ ಮಾತಿನಲ್ಲಿ ಎರಡರ್ಥ ಹುದುಗಿಸುವ ಶ್ಲೇಷೆಯಲ್ಲಿ ನಮ್ಮ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಕವಿ ಎಷ್ಟು ಪಳಗಿದವನೆಂಬುದನ್ನು ಕನ್ನಡ ಪಾಠ ಮಾಡಿದ ನಿಮಗೆ ನಾನು ಹೇಳಬೇಕಾಗಿಲ್ಲ. ಕನಕದಾಸರ ಮುಂಡಿಗೆಗಳನ್ನೂ ಅಲ್ಲಮನ ಬೆಡಗಿನ ವಚನಗಳನ್ನೂ ಬಿಡಿಸಲು ಹೊರಟವರಿಗೆ ಮೇಲ್ನೋಟದ ಅರ್ಥವನ್ನು ನಂಬಬಾರದೆಂಬ ಎಚ್ಚರ ಮೊದಲೇ ಇರುತ್ತದೆ.

ಪ್ರಶ್ನೆ: ಇಂಗ್ಲಿಷಿನ ತಂತ್ರಗಳನ್ನು ಹಾಗೆಯೇ ಕನ್ನಡಕ್ಕೆ ತರಬಹುದೇ? ನಾನೂ ಗೆಳತಿಯೂ ಕಾಲೇಜಿನ ಕೈಬರಹದ ಪತ್ರಿಕೆಗೆ ಒಂದು ಕ್ರಿಪ್ಟಿಕ್ ಪದಬಂಧ ರಚಿಸಲು ಹೊರಟು ಅಕ್ಷರ ಕಲಸುವ ಹಂತದಲ್ಲೇ ಸೋತೆವು.
(ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ನೀವು ಸೋತ ಜಾಗದಲ್ಲೇ ಎಲ್ಲರೂ ಸೋಲುತ್ತಾರೆ. ಇಂಗ್ಲಿಷಿನಲ್ಲಿ ಸ್ವರ, ವ್ಯಂಜನಗಳೆರಡೂ ಬಿಡಿಬಿಡಿಯಾದ ಮಣಿಗಳಂತೆ. ‘ಲಿಸನ್’ ಎಂಬುದರ ಆರು ಅಕ್ಷರಗಳನ್ನು ಕಲಸಿದರೆ ‘ಸೈಲೆಂಟ್’ ಸಿಗುತ್ತದೆ. ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಬರುವುದು ಗುಣಿತ, ಒತ್ತು, ಸೊನ್ನೆಗಳೆಲ್ಲ ಅಂಟಿಕೊಂಡ ಇಡೀ ಅಕ್ಷರ. ‘ತಲೆ’ಯನ್ನು ತಿರುಗಿಸಿದರೆ ‘ಲೆತ’ ಆಗುತ್ತದೆಯೇ ಹೊರತು ‘ಲತೆ’ ಆಗುವುದಿಲ್ಲ, ಏಕೆಂದರೆ ಎತ್ವವು ಲಕಾರದ ಬೆನ್ನು ಬಿಡುವುದಿಲ್ಲ. ಹೀಗಾಗಿ ಆರೇಳು ಅಕ್ಷರಗಳ ದೊಡ್ಡ ಪಲ್ಲಟಗಳ ಆಸೆಯನ್ನು ಬಿಟ್ಟು, ಎರಡು ಮೂರು ಅಕ್ಷರಗಳ ಪದಗಳಲ್ಲಿ ಹುಡುಕಿ. ‘ಮರಣದ ಗೊಂದಲದಲ್ಲಿ ಗಂಡ (3)’ ಎಂದರೆ ಮ, ರ, ಣಗಳು ಗೊಂದಲಕ್ಕೊಳಗಾಗಿ ‘ರಮಣ’. ‘ಎತ್ತ ಕಡೆಯಿಂದ ಹೋದರೂ ಅದೇ ಊರು (3)’ ಎಂದರೆ ‘ಗದಗ’. ‘ಹಿಂದಕ್ಕೆ ಹರಿದ ಹೇಮಾವತಿ? ಇಪ್ಪತ್ತನಾಲ್ಕು ಗಂಟೆ (2)’ ಎಂದರೆ ‘ನದಿ’ ತಿರುಗಿ ‘ದಿನ’. ಈ ಕೊನೆಯದರಲ್ಲಿ ಹೇಮಾವತಿಯ ಮುಂದಿರುವ ಪ್ರಶ್ನಾರ್ಥಕ ಚಿಹ್ನೆಯನ್ನು ಅಲಂಕಾರಕ್ಕೆ ಇಟ್ಟದ್ದಲ್ಲ. ಹೇಮಾವತಿ ನದಿ ಹೌದು, ಆದರೆ ನದಿಯೆಲ್ಲ ಹೇಮಾವತಿಯಲ್ಲ. ಉದಾಹರಣೆಯನ್ನು ಕೊಟ್ಟು ಜಾತಿಯನ್ನು ಊಹಿಸಿ ಎನ್ನುವಾಗ ಹೀಗೊಂದು ಸನ್ನೆ ಮಾಡುವುದು ರಚನಕಾರರ ಮರ್ಯಾದೆ.

ಎರಡನೆಯ ತೊಡಕು ವಿಭಕ್ತಿ ಪ್ರತ್ಯಯಗಳದ್ದು, ಮತ್ತು ಇದು ಅಕ್ಷರಗಳ ತೊಡಕಿಗಿಂತ ದೊಡ್ಡದು. ಇಂಗ್ಲಿಷಿನಲ್ಲಿ ‘ಒಳಗೆ’, ‘ಇಂದ’, ‘ಗೆ’ ಎನ್ನುವ ಮಾತುಗಳು ಪ್ರತ್ಯೇಕ ಪದಗಳಾಗಿ ನಿಲ್ಲುವುದರಿಂದ ಅವನ್ನು ಎಲ್ಲಿ ಬೇಕಾದರೂ ಮುರಿದು ಓದಬಹುದು. ಕನ್ನಡದಲ್ಲಿ ಅವು ನಾಮಪದಕ್ಕೆ ಅಂಟಿಕೊಂಡೇ ಬರುತ್ತವೆ. ಮೇಲಿನ ಹಣತೆಯ ಸುಳಿವನ್ನೇ ನೋಡಿ: ‘ಕೊನೆಗೆ’ ಎಂಬಲ್ಲಿರುವ ‘ಗೆ’ ಸಂತೆಯ ಕಥೆಗೆ ಬೇಕು, ಆಟಕ್ಕೆ ಬೇಡ. ಕಟ್ಟುನಿಟ್ಟಿನವರು ಅದನ್ನು ತಪ್ಪೆನ್ನುತ್ತಾರೆ. ಕನ್ನಡದ ಮಟ್ಟಿಗೆ ಒಂದು ಪ್ರತ್ಯಯದಷ್ಟು ರಿಯಾಯಿತಿ ಇರಲಿ ಎಂದು ನಾನು ವಾದಿಸುತ್ತೇನೆ. ಈ ವಿಷಯದಲ್ಲಿ ನಮ್ಮ ಕೂಟದಲ್ಲೇ ಇನ್ನೂ ಒಮ್ಮತವಿಲ್ಲ.

ಉಚ್ಚಾರಣೆ ಒಂದೇ, ಬರಹ ಬೇರೆ ಎನ್ನುವ ಪದಗಳ ಆಟ ಇಂಗ್ಲಿಷಿನಲ್ಲಿ ಹೇರಳವಾಗಿದೆ. ಬರೆದಂತೆಯೇ ಓದುವ ನಮ್ಮ ಭಾಷೆಯಲ್ಲಿ ಅದಕ್ಕೆ ಹೆಚ್ಚು ಅವಕಾಶವಿಲ್ಲ. ಆದರೂ ಹಾಸನ, ಮಂಡ್ಯದ ಕಡೆಯ ಆಡುಮಾತಿನಲ್ಲಿ ಹಕಾರ ಬಿದ್ದುಹೋಗುವುದನ್ನು ಬಳಸಿಕೊಂಡು ‘ನಮ್ಮವರ ಬಾಯಲ್ಲಿ ಕೂರುವ ಜಾಗವಾಗುವ ಊರು (3)’ ಎಂದು ಕೇಳಿದರೆ, ‘ಆಸನ’ ಎನ್ನುತ್ತಲೇ ಬೆಳೆದ ನಮಗೆ ‘ಹಾಸನ’ ಸಿಕ್ಕೇ ಸಿಗುತ್ತದೆ. ಧಾರವಾಡದವರಿಗೆ ಸಿಗಲಿಕ್ಕಿಲ್ಲ.

ಚೌಕದ ವಿಷಯಕ್ಕೆ ಬಂದರೆ, ಇಂಗ್ಲಿಷ್ ದಿನಪತ್ರಿಕೆಗಳ ಕ್ರಿಪ್ಟಿಕ್ ಸಾಮಾನ್ಯವಾಗಿ ಅಡ್ಡ 15, ಉದ್ದ 15 ಮನೆಗಳದ್ದು, ತಲೆಕೆಳಗು ಮಾಡಿ ಹಿಡಿದರೂ ಕಪ್ಪು ಮನೆಗಳು ಅದೇ ಜಾಗದಲ್ಲಿರುವಂಥದ್ದು. ಅಷ್ಟು ದೊಡ್ಡದಕ್ಕೆ ಕೈ ಹಾಕಬೇಡಿ. ‘ಚಿಕ್ಕಮಗಳೂರು’ ಎಂದು ಅಡ್ಡಕ್ಕೆ ಬರೆದು, ‘ಳೂ’ ಇರುವ ಮನೆಯನ್ನು ಹಾದು ಕೆಳಕ್ಕಿಳಿಯುವ ಪದವೊಂದನ್ನು ಹುಡುಕಿ ನೋಡಿ. ಬೆಂಗಳೂರು, ಮಂಗಳೂರು ದಾಟಿ ಬಹಳ ದೂರ ಹೋಗಲು ನಿಮ್ಮಿಂದಾಗುವುದಿಲ್ಲ. ಒತ್ತಕ್ಷರವೂ ದೀರ್ಘವೂ ಕಡಿಮೆಯಿರುವ ಪದಗಳನ್ನು ಪದಗಳು ಒಂದನ್ನೊಂದು ಕತ್ತರಿಸುವ ಜಾಗಗಳಿಗೆ ಇಟ್ಟುಕೊಂಡು, 7 ಮನೆಗಳ ಚೌಕದಿಂದ ಆರಂಭಿಸಿ.

ಪ್ರಶ್ನೆ: ನಾವು ತೋಟದ ಕೆಲಸ ಮುಗಿಸಿ ಸಂಜೆ ಐದಾರು ಜನ ಸೇರಿ ಕ್ರಿಪ್ಟಿಕ್ ಬಿಡಿಸುತ್ತೇವೆ. ನಮ್ಮಲ್ಲೊಬ್ಬರು ಸುಳಿವು ಓದಿ ಮುಗಿಸುವ ಮೊದಲೇ ಉತ್ತರ ಕೂಗಿಬಿಡುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ಹುಡುಕುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಇಬ್ಬರು ಈಚೆಗೆ ಬರುವುದನ್ನೇ ಬಿಟ್ಟಿದ್ದಾರೆ. ನಿಮ್ಮ ಕೂಟದಲ್ಲಿ ಏನು ಕಟ್ಟಳೆ?
(ಕಾಫಿ ಬೆಳೆಗಾರರು, ಸಕಲೇಶಪುರ)

ಉತ್ತರ: ಕಟ್ಟಳೆ ಎಂದು ಬರೆದಿಟ್ಟದ್ದೇನೂ ಇಲ್ಲ, ಒಂದೇ ಒಂದು ರೂಢಿಯಿದೆ: ಉತ್ತರ ಹೇಳಿದವರು ಅದು ಹೇಗೆ ಬಂತೆಂದು ಬಿಡಿಸಿ ಹೇಳಬೇಕು. ಬಿಡಿಸಲು ಬಾರದಿದ್ದರೆ ಆ ಉತ್ತರ ಸರಿಯಿದ್ದರೂ ಪೆನ್ಸಿಲ್ಲು ಕಾಗದವನ್ನು ಮುಟ್ಟುವುದಿಲ್ಲ. ಇದೊಂದರಿಂದ ನಿಮ್ಮ ಎರಡೂ ತೊಂದರೆಗಳು ಅರ್ಧಕ್ಕಿಳಿಯುತ್ತವೆ. ಕೂಗುವವರು ಸಾಮಾನ್ಯವಾಗಿ ಅರ್ಥಭಾಗವನ್ನೂ ಅಕ್ಷರಗಳ ಲೆಕ್ಕವನ್ನೂ ನೋಡಿ ಊಹಿಸಿರುತ್ತಾರೆ, ಆಟದ ಭಾಗ ಅವರಿಗೂ ತಿಳಿದಿರುವುದಿಲ್ಲ, ‘ಸರಿ, ಹೇಗೆ?’ ಎಂದು ಕೇಳಿದಾಗ ಎರಡು ನಿಮಿಷ ಸುಮ್ಮನಾಗುತ್ತಾರೆ, ಆ ಎರಡು ನಿಮಿಷ ಉಳಿದವರಿಗೆ ಸಿಗುತ್ತದೆ. ಮೊಬೈಲಿಗೂ ಅಷ್ಟೇ. ಅದು ಉತ್ತರವನ್ನು ಕೊಟ್ಟೀತು, ಬಿಡಿಸಿ ಹೇಳುವ ಹೊಣೆ ಹಿಡಿದವರ ಮೇಲೇ ಉಳಿಯುತ್ತದೆ.

ಇಂಗ್ಲಿಷಿನ ಮಾತಿಗೆ ಒಂದು ಪ್ರಸಂಗವನ್ನು ಹೇಳುತ್ತೇನೆ. ನಾವು ಸೇರುವುದು ಬಸ್ ನಿಲ್ದಾಣದಿಂದ ಅನತಿ ದೂರದ ಹೋಟೆಲೊಂದರ ಹೊರಗಿನ ಕಲ್ಲುಬೆಂಚಿನ ಮೇಲೆ. ಪದಬಂಧದ ನಾಲ್ಕು ಜೆರಾಕ್ಸ್ ಪ್ರತಿ, ಮೂರು ಬೈಟು ಕಾಫಿ, ಹಲ್ಲಿನ ಗುರುತು ಬಿದ್ದ ಎರಡು ಪೆನ್ಸಿಲ್ಲು. ಕಳೆದ ಮಳೆಗಾಲದ ಒಂದು ದಿನ, ಪತ್ರಿಕೆ ತಡವಾಗಿ, ಅದೂ ಒದ್ದೆಯಾಗಿ ಬಂದದ್ದರಿಂದ, ನಾನು ಹೊಸಬರಿಗೆಂದು ಬರೆದುಕೊಂಡಿದ್ದ ಇಂಗ್ಲಿಷ್ ಸುಳಿವೊಂದನ್ನು ಮುಂದಿಟ್ಟೆ: ‘ಫ್ಲವರ್ ಇನ್ ಬ್ರೋಕನ್ ಲೈನ್’, ನಾಲ್ಕಕ್ಷರ. ನಮ್ಮ ಕೂಟದಲ್ಲಿರುವ ಇಂಗ್ಲಿಷ್ ಪ್ರಾಧ್ಯಾಪಕರು ಕೂಡಲೇ ರೋಸ್, ಲಿಲಿ, ಐರಿಸ್ ಎಂದು ಹೂಗಳನ್ನು ಪೋಣಿಸತೊಡಗಿದರು. ಮೂರೂ ನಾಲ್ಕಕ್ಷರದವೇ ಆದದ್ದರಿಂದ ಅವರಿಗೆ ಅನುಮಾನವೇ ಬರಲಿಲ್ಲ. ಪಕ್ಕದಲ್ಲಿದ್ದವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಲೈನ್‌ಮ್ಯಾನ್. ಓದಿದ್ದು ಹತ್ತನೆಯ ತರಗತಿ. ಅವರು ಹೂವಿನ ಗೊಡವೆಗೇ ಹೋಗದೆ, “ಸಾರ್, ಬ್ರೋಕನ್ ಲೈನ್ ಅಂದ್ರೆ ನಂಗೆ ಗೊತ್ತು, ಮಳೆಗಾಲದಲ್ಲಿ ಅದನ್ನ ಜೋಡ್ಸೋದೇ ಅಲ್ವಾ ನನ್ನ ಕೆಲಸ” ಎಂದು ‘ಲೈನ್’ ಪದದ ನಾಲ್ಕು ಅಕ್ಷರಗಳನ್ನು ಜೆರಾಕ್ಸಿನ ಅಂಚಿನಲ್ಲಿ ಬಿಡಿಬಿಡಿಯಾಗಿ ಬರೆದು, ಹಿಂದೆಮುಂದೆ ಜೋಡಿಸುತ್ತಾ ಹೋದರು. ಮೂರನೆಯದೋ ನಾಲ್ಕನೆಯದೋ ಜೋಡಣೆ ‘ನೈಲ್’ ಎಂದಾಯಿತು. “ಇದು ನದಿ ಅಲ್ವಾ ಸಾರ್, ಹೂವ ಎಲ್ಲಿಂದ ಬಂತು?” ಎಂದರು. ಆಗ ಪ್ರಾಧ್ಯಾಪಕರು ಹಣೆ ಬಡಿದುಕೊಂಡರು. ‘ಫ್ಲೋ’ ಎಂದರೆ ಹರಿ. ಹರಿಯುವಂಥದ್ದು ‘ಫ್ಲೋ-ಅರ್’, ಬರೆದರೆ ಥೇಟ್ ‘ಫ್ಲವರ್’. ಇಂಗ್ಲಿಷ್ ಕ್ರಿಪ್ಟಿಕ್‌ನಲ್ಲಿ ನದಿಗೆ ಹೂವಿನ ವೇಷ ಹಾಕುವುದು ಬಹಳ ಹಳೆಯ ಉಪಾಯ.

ಆ ದಿನ ಒಬ್ಬರಿಗೆ ಆಟದ ಭಾಗ ಸಿಕ್ಕಿತ್ತು, ಇನ್ನೊಬ್ಬರಿಗೆ ಅರ್ಥಭಾಗ. ಇಬ್ಬರಲ್ಲಿ ಒಬ್ಬರೇ ಇದ್ದಿದ್ದರೆ ಸುಳಿವು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಭಾಷೆ ಚೆನ್ನಾಗಿ ಬಂದಷ್ಟೂ ಮೇಲ್ನೋಟದ ಅರ್ಥ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ನಾನು ಆ ಕಲ್ಲುಬೆಂಚಿನ ಮೇಲೆ ಪದೇಪದೇ ನೋಡಿದ್ದೇನೆ. ಆದ್ದರಿಂದ ನಿಮ್ಮ ಆ ಇಬ್ಬರನ್ನು ಮನೆಗೆ ಹೋಗಿ ಕರೆದು ತನ್ನಿ, ಸುಳಿವನ್ನು ಮೊದಲು ಓದುವ ಕೆಲಸವನ್ನು ಅವರಿಗೇ ಕೊಡಿ. ಡಾಕ್ಟರ್ ಎಂದರೆ ‘ಡಿ ಆರ್’ ಅಥವಾ ‘ಎಂ ಬಿ’, ಬಾತುಕೋಳಿ ಎಂದರೆ ಕ್ರಿಕೆಟ್ಟಿನ ಸೊನ್ನೆ, ಆದ್ದರಿಂದ ‘ಓ’ ಎಂಬಂಥ ಸಂಕೇತಗಳು ಮಾತ್ರ ಕಲಿತೇ ಬರಬೇಕಾದವು. ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಎಲ್ಲರ ನಡುವೆ ಇಡಿ.

ಪ್ರಶ್ನೆ: ನಿಘಂಟು ನೋಡಿ ಬಿಡಿಸುವುದು ಮೋಸವೇ?
(ಅರಕಲಗೂಡು)

ಉತ್ತರ: ಅಲ್ಲ. ರಚಿಸುವವರೂ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ರಚಿಸುತ್ತಾರೆ. ಕನ್ನಡಕ್ಕಾದರೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು, ಇಲ್ಲವಾದರೆ 1894ರ ಕಿಟ್ಟೆಲ್ ಕೋಶವೇ ಸಾಕು.

ಪ್ರಶ್ನೆ: ಈ ಆಟವನ್ನು ಕಂಡುಹಿಡಿದವರು ಯಾರು? ಯುದ್ಧಕಾಲದಲ್ಲಿ ಪದಬಂಧದಿಂದ ಗೂಢಲಿಪಿಕಾರರನ್ನು ಆರಿಸಿದರೆಂಬುದು ನಿಜವೇ?
(ಬೇಲೂರು)

ಉತ್ತರ: ಪದಬಂಧ ಮತ್ತು ಕ್ರಿಪ್ಟಿಕ್ ಪದಬಂಧ ಎರಡೂ ಬೇರೆಬೇರೆ ಕಡೆ ಹುಟ್ಟಿದವು. ಮೊದಲನೆಯದನ್ನು ಲಿವರ್‌ಪೂಲ್ ಮೂಲದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ಅಮೆರಿಕದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಚೌಕವಾಗಿರದೆ ವಜ್ರದ ಆಕಾರದಲ್ಲಿತ್ತು. ಬ್ರಿಟನ್ನಿಗೆ ಬಂದ ಮೇಲೆ ಅದಕ್ಕೆ ಒಗಟಿನ ಗುಣ ಸೇರಿತು. ‘ದಿ ಅಬ್ಸರ್ವರ್’ ಪತ್ರಿಕೆಗೆ 1926ರಿಂದ ‘ಟಾರ್ಕೆಮಾಡಾ’ ಎಂಬ ಗುಪ್ತನಾಮದಲ್ಲಿ, ಅವರ ನಂತರ 1939ರಿಂದ ‘ಕ್ಸಿಮೆನೀಸ್’ ಎಂಬ ಗುಪ್ತನಾಮದಲ್ಲಿ ಬರೆದವರು ಇದರ ರೂಪವನ್ನು ಗಟ್ಟಿಗೊಳಿಸಿದರು. ಎರಡೂ, ಧರ್ಮದ್ರೋಹಿಗಳೆಂದು ಶಂಕಿಸಿದವರನ್ನು ಹಿಂಸಿಸಿ ವಿಚಾರಿಸುತ್ತಿದ್ದ ಸ್ಪೇನಿನ ಧರ್ಮವಿಚಾರಣೆಯ ಮುಖ್ಯಸ್ಥರ ಹೆಸರುಗಳು. ಅಂದರೆ ಓದುಗರಿಗೆ ಚಿತ್ರಹಿಂಸೆ ಕೊಡುವುದೇ ನಮ್ಮ ಕಾಯಕ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು. 1972ರಿಂದ ಆ ಪೀಠಕ್ಕೆ ಬಂದವರು ಅಂಥದ್ದೇ ಇನ್ನೊಬ್ಬ ವಿಚಾರಕನಾದ ‘ದೇಸಾ’ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿ ‘ಅಝೆಡ್’ ಎಂದು ಇಟ್ಟುಕೊಂಡರು. ಲಂಡನ್ನಿನ ‘ದಿ ಟೈಮ್ಸ್’ 1930ರ ಫೆಬ್ರವರಿ 1ರಂದು ತನ್ನ ಪದಬಂಧವನ್ನು ಆರಂಭಿಸಿತು.

ಯುದ್ಧದ ಮಾತು ಅರ್ಧ ನಿಜ. 1942ರ ಜನವರಿಯಲ್ಲಿ ‘ಡೈಲಿ ಟೆಲಿಗ್ರಾಫ್’ ಪತ್ರಿಕೆ ತನ್ನ ಪದಬಂಧವನ್ನು 12 ನಿಮಿಷಗಳೊಳಗೆ ಬಿಡಿಸುವ ಸ್ಪರ್ಧೆಯೊಂದನ್ನು ನಡೆಸಿತು. ಭಾಗವಹಿಸಿದ ಕೆಲವರಿಗೆ ಆಮೇಲೆ ಸರ್ಕಾರದಿಂದ ಪತ್ರ ಬಂದು, ಅವರು ಬ್ಲೆಚ್ಲಿ ಪಾರ್ಕಿನ ಗೂಢಲಿಪಿ ಕೇಂದ್ರವನ್ನು ಸೇರಿದರು. ಆದರೆ ಆ ಕೇಂದ್ರದ ಕೆಲಸಗಾರರೆಲ್ಲ ಹೀಗೆ ಬಂದವರಲ್ಲ.

ಪ್ರಶ್ನೆ: ನಾನೇ ರಚಿಸಿದ ಸುಳಿವೊಂದನ್ನು ಕಳಿಸುತ್ತಿದ್ದೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ. ‘ಸರದ ನಡುವೆ ಮೊದಲ ಮಣಿ, ಯುದ್ಧ (3)’. ಉತ್ತರ: ಸಮರ.
(ಕಡೂರು)

ಉತ್ತರ: ಮುಲಾಜಿಲ್ಲದೆ ಎಂದದ್ದಕ್ಕೆ ಹೇಳುತ್ತೇನೆ. ಕಲ್ಪನೆ ಬಲು ಚೆನ್ನಾಗಿದೆ. ‘ಸರ’ದ ಹೊಟ್ಟೆಯಲ್ಲಿ ‘ಮ’ ಇಟ್ಟು ‘ಸಮರ’ ಮಾಡಿದ್ದೀರಿ, ಒಡವೆಗಾಗಿ ಮನೆಯಲ್ಲಿ ನಡೆಯುವ ಯುದ್ಧದ ಚಿತ್ರವೂ ಬಂದಿದೆ. ಆದರೆ ‘ಮೊದಲ ಮಣಿ’ ಎಂದರೆ ಮಣಿಗಳಲ್ಲಿ ಮೊದಲನೆಯದು, ‘ಮಣಿ’ ಪದದ ಮೊದಲ ಅಕ್ಷರವಲ್ಲ. ‘ಅಫ್ರಿಟ್’ ಎಂಬ ಗುಪ್ತನಾಮದ ಬ್ರಿಟಿಷ್ ರಚನಕಾರರು 1949ರಲ್ಲಿ ಹಾಕಿಕೊಟ್ಟ ನೀತಿಯ ತಿರುಳು ಇಷ್ಟೇ: ರಚನಕಾರನು ಹೇಳಿದಂತೆ ಕಾಣುವುದೆಲ್ಲ ಅವನ ಮನಸ್ಸಿನಲ್ಲಿರಬೇಕಾಗಿಲ್ಲ, ಆದರೆ ಅವನ ಮನಸ್ಸಿನಲ್ಲಿರುವುದನ್ನು ಅವನು ಹೇಳಿರಲೇಬೇಕು. ನಿಮ್ಮ ಮನಸ್ಸಿನಲ್ಲಿ ‘ಮ’ ಇತ್ತು, ಬಾಯಿಂದ ಬಂದದ್ದು ಇಡೀ ಮಣಿ.

‘ಮಣಿಯ ಮೊದಲು’ ಎಂದು ತಿದ್ದಿದರೆ ಲೆಕ್ಕ ಸರಿಹೋಗುತ್ತದೆ, ಚಿತ್ರ ಕೆಡುತ್ತದೆ. ನಿಮ್ಮ ಸುಳಿವನ್ನು ಕಲ್ಲುಬೆಂಚಿಗೆ ಒಯ್ದು ಮುಂದಿಟ್ಟಾಗ ಅರ್ಧ ಗಂಟೆಯ ಚರ್ಚೆಯಾಗಿ, ಕೊನೆಗೆ ದಾರಿ ತೋರಿಸಿದವರು ಅದೇ ಲೈನ್‌ಮ್ಯಾನ್. ‘ಮಣಿ’ಯಲ್ಲಿ ಇರುವುದೇ ಎರಡು ಅಕ್ಷರವಾದ್ದರಿಂದ ಅರ್ಧ ಎಂದರೆ ಸಾಕಲ್ಲವೇ ಎಂದರು ಅವರು. ಹಾಗಾಗಿ ನಿಮ್ಮ ಸುಳಿವು ಈಗ ಹೀಗಿದೆ: ‘ಸರದ ನಡುವೆ ಅರ್ಧ ಮಣಿ ಕಂಡು ಯುದ್ಧ (3)’. ಒಡೆದ ಮಣಿಯ ಸರ ಕೊಟ್ಟ ಗಂಡನ ಪಾಡೂ ಇದರಲ್ಲಿ ಬಂತು. ಒಪ್ಪಿಗೆಯಾದರೆ ನಿಮ್ಮದೆಂದೇ ಇಟ್ಟುಕೊಳ್ಳಿ.

ಮುಂದಿನ ಸಂಚಿಕೆಯವರೆಗೆ ಎಲ್ಲರಿಗೂ ಒಂದು ಸುಳಿವು: ‘ಆನೆಯನ್ನು ಎಣ್ಣೆಗೆ ಬಿಡು (2)’. ಉತ್ತರದ ಜೊತೆಗೆ ಅದು ಹೇಗೆ ಬಂತೆಂಬುದನ್ನೂ ಒಂದು ಸಾಲಿನಲ್ಲಿ ಬರೆದಿರಬೇಕು. ಬರಿಯ ಉತ್ತರ ಬರೆದ ಕಾರ್ಡುಗಳನ್ನು ಪರಿಗಣಿಸುವುದಿಲ್ಲ.